ಬಲ್ಬು ಹಿಡಿದವಳು

"ಹತ್ತೇತೇನ್ರಿ?" ಅಂಬಾಸಿಡರ್ ಕಾರಿನ ಡ್ಯಾಶ್‌ಬೋರ್ಡಿನ ಕೆಳಗಿಂದ ಮೆಕ್ಯಾನಿಕ್ ಅಮಾತೆಪ್ಪನ ದನಿ ಬಂತು. ತಲೆ ಒಳಗೆ, ಎರಡು ಕಾಲು ಎಡಬಾಗಿಲಿನ ಹೊರಗೆ. ಎತ್ತಿದ ಬಾನೆಟ್ಟಿನ ಮುಂದೆ ಬಲ್ಬು ಹಿಡಿದು ನಿಂತಿದ್ದ ಡ್ರೈವರ್ ಸಂಗಯ್ಯ, ಇಲ್ಲ ಎಂದ. ಬೆಳಗಿನಿಂದ ಅದೇ ಪ್ರಶ್ನೆ, ಅದೇ ಉತ್ತರ.

ಫ್ಯೂಸ್ ಇರುವ ಜಾಗಕ್ಕೆ ಬಲ್ಬು ಸಿಗಿಸಿ ವಾಯರುಗಳನ್ನು ಒಂದೊಂದಾಗಿ ಅಲುಗಾಡಿಸುವುದು ಅಮಾತೆಪ್ಪನ ಪದ್ಧತಿ. ಯಾವುದು ಕಬ್ಬಿಣಕ್ಕೆ ತಗುಲಿ ಶಾರ್ಟ್ ಆಗುತ್ತದೋ ಆಗ ಬಲ್ಬು ಹತ್ತಬೇಕು. ಆದರೆ ಈ ಕಾರು ಮಹಾ ಕಿಲಾಡಿ. ರಸ್ತೆಗಿಳಿದರೆ ಫ್ಯೂಸ್ ಸುಡುತ್ತಿತ್ತು, ಹಾರ್ನು ಸಾಯುತ್ತಿತ್ತು. ಕುಳಗೇರಿ ಕ್ರಾಸಿನ ಈ ತಗಡಿನ ಅಂಗಡಿಗೆ ಬಂದು ನಿಂತರೆ ಸಾಕು, ತನಗೇನೂ ಆಗೇ ಇಲ್ಲ ಎಂಬಂತಿರುತ್ತಿತ್ತು. ನಾಳೆ ಶನಿವಾರ ಬಾದಾಮಿಯ ಸಾಹುಕಾರರು ಇದರಲ್ಲೇ ತುಳಸಿಗೇರಿ ಹನಮಪ್ಪನ ದರ್ಶನಕ್ಕೆ ಹೊರಟಿದ್ದರು.

ಅಂಗಡಿಯ ಹಿಂದೆಯೇ ಮನೆ. ಅಮಾತೆಪ್ಪನ ಹೆಂಡತಿ ಇಂದ್ರವ್ವ ಬಟ್ಟೆಯ ಗಂಟನ್ನು ತಂದು ಅಂಗಡಿಯ ಬೆಂಚಿನ ಮೇಲಿಟ್ಟಳು. ಅವಳ ತವರೂ ತುಳಸಿಗೇರಿಯೇ. ನಾಲ್ಕರ ಬಸ್ಸಿಗೆ ಹೊರಡುವವಳಿದ್ದಳು, ತಿರುಗಿ ಬರುವುದು ಯಾವಾಗ ಎಂದು ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಗಂಡನ ಜೊತೆ ಮಾತು ಬಿಟ್ಟು ಇಪ್ಪತ್ತೆರಡು ದಿನವಾಗಿತ್ತು. ಅವಳ ಅಣ್ಣನ ಮಗನ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಕೂತು ಅಮಾತೆಪ್ಪ, "ನಮ್ಮಾಕಿಗೆ ಬಲ್ಬಿಗೂ ಬದನಿಕಾಯಿಗೂ ಫರಕ ತಿಳಿಯೂದಿಲ್ಲ" ಎಂದಿದ್ದ. ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಅಣ್ಣನೂ ನಕ್ಕಿದ್ದ. ಹದಿನಾರು ವರ್ಷ ಅವನ ಮಸಿ ಅಂಗಿ ತಿಕ್ಕಿದ ಕೈಯಲ್ಲಿ ಹೋಳಿಗೆಯ ಬುಟ್ಟಿ ಹಿಡಿದುಕೊಂಡು ಅವಳು ಅಲ್ಲೇ ನಿಂತಿದ್ದಳು.

ಅಂದಿನಿಂದ ಮನೆಯ ಮಾತೆಲ್ಲ ಬೆಕ್ಕಿನ ಮೂಲಕ. "ಊಟ ಆರತೈತಿ ಅಂತ ಹೇಳು" ಎಂದು ಇವಳು ಬೆಕ್ಕಿಗೆ ಹೇಳುವಳು. "ಹಸಿವಿಲ್ಲಂತ ಹೇಳು" ಎಂದು ಅವನೂ ಬೆಕ್ಕಿಗೇ ಹೇಳುವನು. ಬಡಪಾಯಿ ಬೆಕ್ಕು ಇಬ್ಬರ ಮುಖವನ್ನೂ ನೋಡುತ್ತಿತ್ತು.

ನಿಂತು ನಿಂತು ಸೋತ ಸಂಗಯ್ಯ, ಬಸ್ಸು ಬರುವ ತನಕ ಬಲ್ಬು ಹಿಡಿಯಿರಿ ಎಂದು ಇಂದ್ರವ್ವನನ್ನು ಕೇಳಿಕೊಂಡು, ಅದನ್ನು ಅವಳ ಕೈಗೆ ಕೊಟ್ಟು, ಹೋಗಿ ಸ್ಟೇರಿಂಗ್ ಮುಂದೆ ಧಪ್ಪನೆ ಕೂತ. ಬಲ್ಬು ಹತ್ತಿತು.

"ಹತ್ತೇತಿ ಅಂತ ಹೇಳ್ರಿ," ಎಂದಳು ಸಂಗಯ್ಯನಿಗೆ.

ಒಳಗೆ ಅಮಾತೆಪ್ಪ ಹಿಗ್ಗಿಹೋದ. ಆಗ ಅವನ ಕೈಯಲ್ಲಿದ್ದದ್ದು ಹಾರ್ನಿನ ವಾಯರು. ಕಳ್ಳ ಸಿಕ್ಕ, ಇದನ್ನು ಬುಡದಿಂದ ಕತ್ತರಿಸಿ ಕಿತ್ತು ಹೊಸದು ಎಳೆಯುತ್ತೇನೆ ಎಂದು ಇಕ್ಕಳಕ್ಕೆ ತಡಕಾಡತೊಡಗಿದ. ಅಷ್ಟರಲ್ಲಿ ಸಂಗಯ್ಯ ಎಲೆಯಡಿಕೆ ಉಗುಳಲು ಬಾಗಿಲು ತೆಗೆದು ಎದ್ದ. ಬಲ್ಬು ಆರಿತು. ಬಂದು ಕೂತ. ಹತ್ತಿತು. ಇಂದ್ರವ್ವ ಕಣ್ಣು ಕಿರಿದು ಮಾಡಿದಳು. ಅವನು ನೀರು ಕುಡಿಯಲು ಮತ್ತೆ ಎದ್ದ, ಮತ್ತೆ ಆರಿತು.

ಅವಳಿಗೆ ತಿಳಿದುಹೋಯಿತು. ಕತ್ತರಿಸಲಿ, ಬದನೆಕಾಯಿಯವಳಿಗೇನು ಎನ್ನಿಸಿತು ಮೊದಲು. ನಾಳೆ ಇದೇ ಕಾರು ದಾರಿಯಲ್ಲಿ ನಿಂತು, ಅಮಾತೆಪ್ಪನಿಗೆ ಕೆಲಸ ಬರುವುದಿಲ್ಲವೆಂದು ಬಾದಾಮಿಯ ತುಂಬ ಸುದ್ದಿಯಾಗಲಿ. ಆದರೆ ಬಾಗಿಲಾಚೆ ಚಾಚಿದ ಆ ಕಾಲು ಕಣ್ಣಿಗೆ ಬಿತ್ತು. ಹಿಮ್ಮಡಿ ಒಡೆದು ಬಾಯಿ ಬಿಟ್ಟಿತ್ತು. ದಿನಾ ಮಲಗುವಾಗ ತಾನು ಎಣ್ಣೆ ಹಚ್ಚುತ್ತಿದ್ದ ಹಿಮ್ಮಡಿ; ಇಪ್ಪತ್ತೆರಡು ದಿನ ಹಚ್ಚಿರಲಿಲ್ಲ.

"ಕತ್ತರಸಬ್ಯಾಡ್ರಿ," ಎಂದಳು, ಬೆಕ್ಕಿಗಲ್ಲ, ಸಂಗಯ್ಯನಿಗೂ ಅಲ್ಲ. "ಸಂಗಯ್ಯನೋರು ಕುಂತ್ರ ಹತ್ತತೈತಿ, ಎದ್ರ ಆರತೈತಿ. ಸೀಟಿನ ಬುಡಕ ನೋಡ್ರಿ."

ಇಕ್ಕಳಕ್ಕೆ ತಡಕಾಡುವ ಸದ್ದು ನಿಂತಿತು. ಅಮಾತೆಪ್ಪ ಮೆಲ್ಲಗೆ ಹೊರಗೆ ಬಂದು ಅವಳನ್ನು ನೋಡಿದ. ಡ್ರೈವರ್ ಸೀಟು ಎತ್ತಿದ. ಸಾಹುಕಾರರ ಅಳಿಯ ಹಿಂದೆ ಕೂತು ಟೇಪ್‌ರೆಕಾರ್ಡರ್ ಕೇಳಲೆಂದು ಹಾರ್ನಿನ ಫ್ಯೂಸಿನಿಂದಲೇ ಎಳೆಸಿದ್ದ ವಾಯರು ಸೀಟಿನ ಸ್ಪ್ರಿಂಗಿನಡಿ ಸಿಕ್ಕಿ, ಮೇಲಿನ ರಬ್ಬರು ಸವೆದು ತಾಮ್ರ ಹೊಳೆಯುತ್ತಿತ್ತು. ಮೇಲೆ ಆಳು ಕೂತಾಗ ಸ್ಪ್ರಿಂಗು ಅದನ್ನು ಒತ್ತುತ್ತಿತ್ತು. ಟೇಪು ಸುತ್ತಿ, ವಾಯರನ್ನು ಬದಿಗೆ ಸರಿಸಿ ಕಟ್ಟಿ, ಹೊಸ ಫ್ಯೂಸು ಹಾಕಿದ. ಸಂಗಯ್ಯ ಸೀಟಿನ ಮೇಲೆ ಕುಣಿಕುಣಿದು ಹಾರ್ನು ಒತ್ತಿದ. ಕ್ರಾಸಿನ ನಾಯಿಗಳೆಲ್ಲ ಎದ್ದವು.

ನಾಲ್ಕರ ಬಸ್ಸು ಬಂದು ನಿಂತಿತ್ತು. ಸಂಗಯ್ಯ ಅಮಾತೆಪ್ಪನ ಕೈಗುಣ ಹೊಗಳತೊಡಗಿದ. ಚಹಾದಂಗಡಿಯವರೂ ಬಸ್ಸಿನವರೂ ಕೇಳುವಂತೆ ಅಮಾತೆಪ್ಪ ಗಟ್ಟಿಯಾಗಿ ಹೇಳಿದ:

"ನಾ ಹಿಡದಿಲ್ರಿ, ಇಕಿ ಹಿಡದ್ಲು. ನಾಳೆ ತುಳಸಿಗೇರಿಗಿ ಹೋಗ್ತೀರಲ್ಲ, ಇಕಿ ಅಣ್ಣನ ಮನಿ ಮುಂದ ಗಾಡಿ ನಿಂದರಸಿ ಹಾರ್ನ್ ಹೊಡೀರಿ. ಎಲ್ಲಾರೂ ಹೊರಗ ಬಂದ ಮ್ಯಾಲೆ ಈ ಮಾತು ಹೇಳ್ರಿ. ಅಮಾತೆಪ್ಪನೇ ಹೇಳಿ ಕಳಿಸ್ಯಾನ ಅಂತ ಹೇಳ್ರಿ."

ಇಂದ್ರವ್ವ ಸೆರಗಿನಿಂದ ಬಲ್ಬನ್ನು ಒರೆಸಿದಳು, ಒರೆಸುತ್ತಲೇ ಇದ್ದಳು. ಬಸ್ಸು ಹೋಯಿತು. ಗಂಟು ಬೆಂಚಿನ ಮೇಲೇ ಇತ್ತು.

ಹೊತ್ತು ಇಳಿಯುವಾಗ ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಊಟಕ್ಕ ಏಳ್ರಿ."

ಹೊಸ್ತಿಲಲ್ಲಿದ್ದ ಬೆಕ್ಕು ತನಗೇ ಹೇಳಿದಳೆಂದು ಮೈ ಮುರಿದು ಎದ್ದಿತು. ಯಾರೂ ಅದರ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಮತ್ತೆ ಅಲ್ಲೇ ಮುದುಡಿ ಮಲಗಿತು.