ಕಿಂಡಿ ಮುಚ್ಚಿದ ಚಳಿಗಾಲ

ನಾನು ಒಂದು ಕೋಳಿಗೂಡು. ಇಂಡಿ ಸೀಮೆಯ ಬಡಿಗೇರ ಮೌನೇಶ ಹಳೆಯ ಬಂಡಿಯ ಹಲಗೆ ಕಿತ್ತು, ಬೇವಿನ ಕಾಲು ಕೊಟ್ಟು ನನ್ನನ್ನು ಮಾಡಿದ. ಮಾಡಿದವನಿಗೆ ಬುದ್ಧಿ ಇತ್ತು. ಸೂರಿನ ಕೆಳಗೆ, ಕೋಳಿಗಳ ತಲೆಗಿಂತ ಎತ್ತರದಲ್ಲಿ, ಆಚೆ ಈಚೆ ಒಂದೊಂದು ಕಿಂಡಿ ಬಿಟ್ಟ. ಅವೇ ನನ್ನ ಮೂಗು. ನನ್ನ ಸಿಟ್ಟೆಲ್ಲ ಇರುವುದು ಆ ಕಿಂಡಿಗಳ ವಿಷಯಕ್ಕೇ.

ಮೊದಲ ಒಡತಿ ಈರಸಂಗವ್ವ. ಬೇಸಿಗೆಯಲ್ಲಿ ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟು ನೀರು ಚಿಮುಕಿಸುತ್ತಿದ್ದಳು, ಒಳಗೆ ತಂಪು. ದೀಪಾವಳಿ ಮುಗಿದೊಡನೆ ಹಸಿ ಗೋಣಿ ಬಿಚ್ಚಿ ಒಣಗಿದ್ದು ಕಟ್ಟುವಳು. ಹಳೆಯ ಕಸ ಬಳಿದು ಶೇಂಗಾ ಸಿಪ್ಪೆ ಹಾಸುವಳು. ಹೇನು ಬೀಳದಿರಲೆಂದು ಕೋಳಿಗಳು ಹೊರಳಾಡಲು ಮೂಲೆಯಲ್ಲಿ ಒಲೆಯ ಬೂದಿ. ಕಿಂಡಿಗೆ ಮಾತ್ರ ಕೈ ಹಚ್ಚುತ್ತಿರಲಿಲ್ಲ.

"ಕೋಳಿ ಕೌದಿ ಹೊತ್ಕೊಂಡs ಹುಟ್ಟ್ಯಾವ. ಚಳಿ ಏನೂ ಮಾಡಂಗಿಲ್ಲ, ಹಸಿ ಆಗಬಾರದು" ಎನ್ನುತ್ತಿದ್ದಳು.

ಅವಳ ಕಣ್ಣು ಮಂಜಾದ ಮೇಲೆ ಕೋಳಿಗಳ ಸಮೇತ ನನ್ನನ್ನು ತಮ್ಮನ ಮಗಳು ನಿಂಬೆವ್ವನಿಗೆ ಕೊಟ್ಟಳು. ನಿಂಬೆವ್ವ ಕೆಟ್ಟವಳಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಕೆಂಪಿ ಎಂಬ ಹೇಂಟೆಗೆ ತನ್ನ ರೊಟ್ಟಿ ಮುರಿದು ಹಾಕುತ್ತಿದ್ದಳು.

ಚಳಿಗಾಲದ ಮೂಡಗಾಳಿ ಬೀಸಿದ್ದೇ ತಡ, ತನ್ನ ಹಳೆಯ ಕುಪ್ಪಸ ಹರಿದು ನನ್ನ ಎರಡೂ ಕಿಂಡಿಗೆ ತುರುಕಿದಳು. ಸಾಲದೆಂದು ದಿನಾ ಸಂಜೆ ಗೋಣಿಗೆ ನೀರು.

"ಗಾಳಿ ಭಾಳ ಒಣಾ ಐತಿ, ಧೂಳ ಅಡಗ್ಲಿ. ನಮ್ಮತ್ತೀನೂ ಹಿಂಗs ಮಾಡತಿದ್ಲು" ಎಂದು ಗಂಡ ಗೊಲ್ಲಾಳಪ್ಪನಿಗೆ ಹೇಳಿದಳು.

ಎಲೆ ತಾಯಿ, ನಿನ್ನ ಸೋದರತ್ತೆ ಈರಸಂಗವ್ವ ಮಾಡಿದ್ದು ಬೇಸಿಗೆಯಲ್ಲಿ! ನೀನು ಅತ್ತೆಯ ಮನೆಗೆ ಬರುತ್ತಿದ್ದುದೇ ಶಾಲೆಯ ಬೇಸಿಗೆ ಸೂಟಿಯಲ್ಲಿ, ಚಳಿಗಾಲದ ಗೂಡನ್ನು ಯಾವತ್ತು ನೋಡಿದ್ದೆ? ನನಗೆ ಬಾಯಿ ಇದ್ದಿದ್ದರೆ ಊರು ಒಂದಾಗುವಂತೆ ಒದರುತ್ತಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಳು.

ಬೆಳಗಾದರೆ ನನ್ನ ಒಳಗೋಡೆ ಬೆವರುತ್ತಿತ್ತು. ಸಿಪ್ಪೆ ಕೊಳೆತು ಹಿಕ್ಕೆಯ ಘಾಟು ಕೋಳಿಗಳ ಕಣ್ಣಿಗೆ ಅಡರಿತು. ಒಂದೊಂದಾಗಿ ಗೊರಗೊರ ಅನ್ನತೊಡಗಿದವು. ಚಳಿ ಹೆಚ್ಚಾಯಿತೆಂದು ನಿಂಬೆವ್ವ ಮೇಲೊಂದು ಕೌದಿ ಹೊದಿಸಿದಳು. ಕೆಂಪಿ ಬಾಯಿ ತೆರೆದುಕೊಂಡು, ಕತ್ತು ಚಾಚಿ ಚಾಚಿ ಸತ್ತಿತು. ಅದರ ಪ್ರಾಣ ಹೋಗಿದ್ದು ನನ್ನೊಳಗೆ. ನನ್ನಿಂದ ಏನೂ ಮಾಡಲಾಗಲಿಲ್ಲ.

ಬೈಗುಳ ಮಾತ್ರ ನನಗೆ.

"ಈ ಗೂಡಿಗೇ ಬ್ಯಾನಿ ಹತ್ತೇತಿ. ಹೋಳಿ ಬರ್ಲಿ, ಕಾಮನ ಬೆಂಕಿಗೆ ಹಾಕೂಣು" ಎಂದು ಗೊಲ್ಲಾಳಪ್ಪ ನನ್ನನ್ನು ಹಿತ್ತಲ ಬೇಲಿಗೆ ಎಳೆದು ಒಗೆದ.

ಗೂಡಿಲ್ಲದ ಕೋಳಿಗಳು ಬೇವಿನ ಮರ ಹತ್ತಿದವು. ಅದೇ ಚಳಿ, ಅದೇ ಮೂಡಗಾಳಿ. ಕೆಲವೇ ದಿನಗಳಲ್ಲಿ ಗೊರಗೊರ ನಿಂತಿತು. ಒಂದು ಮುಂಜಾನೆ ನಿಂಬೆವ್ವ ಮರದ ಮೇಲಿನ ಕೋಳಿಗಳನ್ನು ನೋಡಿದಳು, ಬೇಲಿಯಲ್ಲಿ ಬಿದ್ದ ನನ್ನನ್ನು ನೋಡಿದಳು. ಬಂದು ಕಿಂಡಿಯ ಬಟ್ಟೆ ಎಳೆದಳು. ಕಪ್ಪು ಬೂಷ್ಟು ಹಿಡಿದು ಹಸಿಯಾಗಿತ್ತು. ಅದನ್ನು ಒಯ್ದು ಗಂಡನ ಮುಂದೆ ಹಿಡಿದಳು.

"ಚಳಿ ಅಲ್ಲರಿ, ನಾನs ಮೂಗ ಮುಚ್ಚಿ ಕೊಂದೆ ಕೆಂಪೀನ."

ಗೊಲ್ಲಾಳಪ್ಪ ನನ್ನನ್ನು ಮತ್ತೆ ಅಂಗಳಕ್ಕೆ ತಂದು ನಿಲ್ಲಿಸಿದ.

ಹೋಳಿ ಬಂತು, ಹೋಯಿತು. ನನ್ನನ್ನು ಸುಡಲಿಲ್ಲ. ನಿಂಬೆವ್ವ ಒಣ ಸಿಪ್ಪೆ ಹಾಸಿದ್ದಾಳೆ, ಬೂದಿ ಇಟ್ಟಿದ್ದಾಳೆ. ದಿನಾ ಸಂಜೆ ನನ್ನ ಬಾಗಿಲು ತೆಗೆದು ರೊಟ್ಟಿ ಚೂರು ಹಿಡಿದು ಬಾ ಬಾ ಎಂದು ಕರೆಯುತ್ತಾಳೆ. ಕೋಳಿಗಳು ರೊಟ್ಟಿ ತಿಂದು ಮರ ಹತ್ತುತ್ತವೆ. ನನ್ನ ಸಿಟ್ಟು ಇಳಿದಿಲ್ಲ. ಎರಡೂ ಕಿಂಡಿ ತೆರೆದಿವೆ, ಗಾಳಿ ಈಚೆ ಬಂದು ಆಚೆ ಹೋಗುತ್ತದೆ. ಒಳಗೆ ಉಸಿರಾಡುವವರು ಯಾರೂ ಇಲ್ಲ.