ಫೋನಿಲ್ಲದ ಒಂಬತ್ತು ಮಂದಿ

ಜಯನಗರದ ಆಫೀಸಿನಲ್ಲಿ ಶರಣಮ್ಮ ಕಂಪ್ಯೂಟರ್ ತೆರೆದಾಗ ಮೂವತ್ತೊಂದು ತಪ್ಪುಗಳು ಕೆಂಪಗೆ ಸಾಲುಗಟ್ಟಿದ್ದವು. ಡಯಾಲಿಸಿಸ್ ಕೇಂದ್ರಗಳಿಗೆಂದು ಅವರ ತಂಡ ಬರೆದಿದ್ದ ಸಾಫ್ಟ್‌ವೇರನ್ನು ಓಡಿಸದೆ, ಬರೀ ಓದಿಯೇ ತಪ್ಪು ಹುಡುಕುವ ಟೂಲ್ ಒಂದನ್ನು ಹಿಂದಿನ ದಿನವಷ್ಟೇ ಹಾಕಿದ್ದರು. ಫಂಕ್ಷನ್ ಎನ್ನುವ ಪ್ರತಿ ಕೋಡಿನ ತುಣುಕಿನ ಮೇಲೆ, ಅದು ಏನು ಕೊಡುತ್ತದೆಂದು ಬರೆದಿಟ್ಟ ಟಿಪ್ಪಣಿಗೂ ಕೆಳಗಿನ ಕೋಡಿಗೂ ತಾಳೆಯಾಗುತ್ತಿಲ್ಲವೆಂಬುದೇ ಅದರ ತಕರಾರು.

“ಎಲ್ಲದಕ್ಕೂ ಇಗ್ನೋರ್ ಹಾಕ್ಬಿಡಿ, ಸಂಜೆ ರಿಲೀಸ್ ಇದೆ,” ಎಂದ ಟೀಮ್ ಲೀಡ್ ಭಾರ್ಗವ.

“ಮಧ್ಯಾಹ್ನದ ತನಕ ಟೈಮ್ ಕೊಡ್ರಿ ಸರ್. ಒಂದೊಂದ ನೋಡ್ತೀನಿ.”

ಮೂವತ್ತು ತಪ್ಪುಗಳು ಸುಲಭದವು. ಹಳೆಯ ಹೆಸರು, ಬಿಟ್ಟುಹೋದ ಒಂದು ಪದ, ಅಷ್ಟೇ. ಕೊನೆಯದು ರೋಗಿಯ ಫೋನ್ ನಂಬರ್ ಕೊಡುವ ಫಂಕ್ಷನ್. ನಂಬರ್ ಯಾವಾಗಲೂ ಇರುತ್ತದೆ ಎನ್ನುತ್ತಿತ್ತು ಟಿಪ್ಪಣಿ. ಇಲ್ಲದೆಯೂ ಇರಬಹುದು ಎನ್ನುತ್ತಿತ್ತು ಟೂಲ್. ಶರಣಮ್ಮ ಟಿಪ್ಪಣಿ ತಿದ್ದಿದಳು. ತಕ್ಷಣ ತಪ್ಪು ಬೇರೆ ಕಡೆ ಎದ್ದಿತು, ಡಯಾಲಿಸಿಸ್ ಸರದಿಯ ದಿನ ಬದಲಾದಾಗ ರೋಗಿಗೆ ಮೆಸೇಜ್ ಕಳಿಸುವ ಜಾಗದಲ್ಲಿ. ನಂಬರ್ ಇಲ್ಲದವರನ್ನು ಆ ಕೋಡ್ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತಿತ್ತು.

ಅಂಥವರು ಬನಶಂಕರಿಯ ಒಂದೇ ಕೇಂದ್ರದಲ್ಲಿ ಒಂಬತ್ತು ಮಂದಿ. ಅಲ್ಲಿನ ರಿಸೆಪ್ಷನ್ನಿಗೆ ಫೋನ್ ಮಾಡಿ, ಸರದಿ ಬದಲಾದದ್ದು ಅವರಿಗೆ ಗೊತ್ತಾಗುತ್ತಿದೆಯೇ ಎಂದು ಕೇಳಿದಳು. ಎತ್ತಿದವಳು ಸೌಮ್ಯ.

“ಅಯ್ಯೋ, ಬೈಲಪ್ಪ ಅಂತ ಒಬ್ರು ಬೇಗೂರಿಂದ ಬರ್ತಾರೆ ಮೇಡಂ. ಎರಡು ಸಲ ತಪ್ಪು ದಿನ ಬಂದು ವಾಪಸ್ ಹೋದ್ರು. ಕಾಲೆಲ್ಲ ಊದ್ಕೊಂಡಿತ್ತು. ಮೆಸೇಜ್ ನೋಡಲ್ವಾ ಅಂತ ನಾನೇ ಬೈದ್ಬಿಟ್ಟೆ.”

ಶರಣಮ್ಮ ಫೋನ್ ಇಟ್ಟಳು. ನಂಬರ್ ಯಾವಾಗಲೂ ಇರುತ್ತದೆ ಎಂಬ ಆ ಟಿಪ್ಪಣಿ ಬರೆದವರು ಯಾರೆಂದು ತೆಗೆದು ನೋಡಿದಳು. ಎರಡು ವರ್ಷದ ಹಿಂದಿನ ತಾರೀಖು, ಅವಳದೇ ಹೆಸರು. ಕೆಲಸಕ್ಕೆ ಸೇರಿದ ಮೊದಲ ತಿಂಗಳು.

ನೇರ ಭಾರ್ಗವನ ಮುಂದೆ ಹೋಗಿ ನಿಂತಳು. “ಆ ಸಾಲು ಬರದಾಕಿ ನಾನ ರೀ,” ಎಂದು ಎಲ್ಲ ಹೇಳಿದಳು.

ಅವನು ತನ್ನ ಸ್ಕ್ರೀನಿನಲ್ಲಿ ಆ ಸಾಲು ತೆಗೆದು ನೋಡಿದ. “ಅದನ್ನ ರಿವ್ಯೂ ಮಾಡಿ ಓಕೆ ಅಂದಿದ್ದು ನಾನು. ರಿಲೀಸ್ ನಾಳೆ ಇಟ್ಕೊಳ್ಳೋಣ. ಸರಿ ಮಾಡಿ.”

ಸಂಜೆಯೊಳಗೆ ಶರಣಮ್ಮ ಕೋಡ್ ಬದಲಿಸಿದಳು. ನಂಬರ್ ಇಲ್ಲದವರ ಸರದಿ ಬದಲಾದರೆ ಇನ್ನು ಅವರ ಹೆಸರು ರಿಸೆಪ್ಷನ್ ಪರದೆಯ ಮೇಲೆ ಬರುತ್ತದೆ; ಯಾರಾದರೂ ತಿಳಿಸಿದೆವೆಂದು ಒತ್ತುವವರೆಗೂ ಹೋಗುವುದಿಲ್ಲ. ಅಷ್ಟರಲ್ಲಿ ಸೌಮ್ಯ ಹಳೆಯ ಫೈಲು ಹುಡುಕಿ, ಬೈಲಪ್ಪನವರ ಪಕ್ಕದ ಮನೆಗೆ ಫೋನ್ ಮಾಡಿ ಮುಂದಿನ ಸರದಿಯ ದಿನ ಹೇಳಿಸಿದ್ದಳು.

ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. “ಬೈಲಪ್ಪನವರು ಸರಿಯಾದ ಟೈಮ್‌ಗೆ ಬಂದ್ರು ಮೇಡಂ, ಬೆಡ್ ಮೇಲಿದಾರೆ. ಸಾರಿ ಕೇಳ್ದೆ.”

“ಏನಂದ್ರು?”

“ಹೋಗ್ಲಿ ಬಿಡಮ್ಮ, ಮುಂದಿನ ಸಲ ಯಾವತ್ತು ಬರ್ಬೇಕು, ಅದನ್ನ ಹೇಳು ಅಂದ್ರು.”