ಹಬ್ಬಕ್ಕೆ ತಂದ ಪೇಪರ್ ಕಪ್ಪು

ದೀಪಾವಳಿಗೆ ಹದಿನೈದು ದಿನ ಇದೆ ಎನ್ನುವಾಗ ನನಗೆ ಮನೆಯ ಮೇಲೆ ಸಿಟ್ಟು ಬರತೊಡಗುತ್ತದೆ. ವರ್ಷವಿಡೀ ಕಾಣದ ಜೇಡರ ಬಲೆ, ಸ್ವಿಚ್‌ಬೋರ್ಡಿನ ಸುತ್ತಲಿನ ಕೈ ಗುರುತು, ಫ್ಯಾನಿನ ರೆಕ್ಕೆಯ ಮೇಲಿನ ಧೂಳು ಎಲ್ಲವೂ ಒಮ್ಮೆಲೇ ಕಣ್ಣಿಗೆ ಬೀಳುತ್ತವೆ. ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆ ದೊಡ್ಡದೇನಲ್ಲ. ಎರಡು ಖೋಲಿ, ಒಂದು ಪಡಸಾಲೆ, ಒಂದು ಅಡುಗೆಮನೆ, ಅಷ್ಟೇ. ಆದರೆ ಆ ದಿನಗಳಲ್ಲಿ ನಾನು ಕಸಬರಿಗೆ ಹಿಡಿದು ಯುದ್ಧಕ್ಕೆ ನಿಂತವಳಂತೆ ತಿರುಗುತ್ತೇನೆ. ನನ್ನ ಗಂಡ ಓಂಪ್ರಕಾಶ ಆಫೀಸಿನಿಂದ ತಡವಾಗಿ ಬರುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಬುದ್ಧಿವಂತರು.

ಹೋದ ವರ್ಷ ಪಡಸಾಲೆಗೆ ಬಣ್ಣ ಹಚ್ಚಿಸಲೇಬೇಕೆಂದು ಹಟ ಹಿಡಿದು ಭಾಲ್ಕಿಯ ಮಹಾಮಾಯಾಗೆ ಫೋನು ಮಾಡಿದೆ. ಡಿ.ಎಡ್. ಓದುವಾಗ ಭಾಲ್ಕಿಯಲ್ಲಿ ನಾವಿಬ್ಬರೂ ಎರಡು ವರ್ಷ ಒಂದೇ ಖೋಲಿಯಲ್ಲಿ ಇದ್ದವರು. ಕಮಠಾಣದಿಂದ ನಮ್ಮವ್ವ ಕಟ್ಟಿ ಕಳಿಸಿದ ರೊಟ್ಟಿ, ಅವಳ ಮನೆಯ ಶೇಂಗಾ ಹಿಂಡಿ, ಎರಡನ್ನೂ ಒಂದೇ ತಾಟಿನಲ್ಲಿ ಹಾಕಿಕೊಂಡು ತಿನ್ನುತ್ತಿದ್ದೆವು. ಸಕ್ಕರೆ ತೀರಿದ ದಿನಗಳಲ್ಲಿ ಒಂದೇ ಗ್ಲಾಸು ಚಹಾ ಮಾಡಿ ಅರ್ಧರ್ಧ ಕುಡಿದದ್ದೂ ಉಂಟು. ಈಗ ಇಬ್ಬರೂ ಸರ್ಕಾರಿ ಶಾಲೆಯ ಟೀಚರುಗಳು. ಅವಳ ಗಂಡ ನಾಗಸೇನ ಪೇಂಟಿಂಗ್ ಗುತ್ತೇದಾರರು, ಕೈಕೆಳಗೆ ನಾಲ್ಕು ಜನ ಇದ್ದಾರೆ.

"ಬ್ಯಾರೆಯವರನ್ನ ಕಳಸಂಗಿಲ್ಲ, ಅವರೇ ಬರ್ತಾರ ತಗೋ" ಎಂದಳು ಮಹಾಮಾಯಾ. "ನಿನ್ನ ಮನಿ ಕೆಲಸ ಆಳಿನ ಕೈಗಿ ಬಿಟ್ರ ನೀ ನನ್ನ ಜೀವ ತಿಂತಿ."

"ದೀವಳಿಗಿಗಿ ಫರಾಳಕ್ಕ ಬರಬೇಕು ಮತ್ತ."

"ಯಾವ ವರ್ಷ ಬಂದಿಲ್ಲ ಹೇಳು?"

ಅದು ನಿಜ. ಅವರು ಬೌದ್ಧರು, ಅವರ ಮನೆಯಲ್ಲಿ ದೀಪಾವಳಿ ಇಲ್ಲ. ಆದರೂ ಫರಾಳದ ತಿಂಡಿಗೆ, ನನ್ನ ಚಕ್ಕುಲಿಗಾಗಿ ಪ್ರತಿ ವರ್ಷ ಹಬ್ಬದ ದಿನ ಬಸ್ಸು ಹತ್ತಿ ಬರುತ್ತಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಚಕ್ಕುಲಿ ಮುರಿದು, ನಮ್ಮ ಸ್ಟೀಲಿನ ಗ್ಲಾಸಿನಲ್ಲಿ ಎರಡೆರಡು ಸಲ ಚಹಾ ಕುಡಿದು ಹೋಗುತ್ತಿದ್ದಳು. ಅವಳು ಬರದಿದ್ದರೆ ನನಗೆ ಹಬ್ಬ ಮಾಡಿದ ಹಾಗೆಯೇ ಅನಿಸುತ್ತಿರಲಿಲ್ಲ.

ಅದೇ ವಾರ ಔರಾದ ಕಡೆಯ ಹಳ್ಳಿಯಿಂದ ನಮ್ಮ ಅತ್ತೆ ಅಂಜನಾಬಾಯಿ ಬಂದರು. ದೀಪಾವಳಿಗೆ ಅವರು ಎಂದೂ ಹಳ್ಳಿ ಬಿಟ್ಟವರಲ್ಲ. ಕುರಿಗಳ ಮೈ ತೊಳೆದು, ಬಣ್ಣ ಹಚ್ಚಿ, ಹಟ್ಟಿಯಲ್ಲಿ ಪೂಜೆ ಮಾಡುವ ಹಬ್ಬ ಅವರದು. ಮೊಣಕಾಲು ಹಿಡಿದುಕೊಂಡಿತೆಂದು ಮೊದಲ ಸಲ ಮಗನ ಮನೆಗೆ ಬಂದಿದ್ದರು. ಹಳೆಯ ಕಾಲದವರು. ಅವರ ಹಳ್ಳಿಯಲ್ಲಿ ನಾಗಸೇನರ ಜನಕ್ಕೆ ಬಾವಿ ಬೇರೆ, ಓಣಿ ಬೇರೆ. ಅತ್ತೆ ಬಾಯಿ ಬಿಡುವ ಮೊದಲೇ ಅವರು ಏನಂದಾರು ಎಂಬುದನ್ನು ನಾನೇ ಅಂದುಕೊಂಡುಬಿಟ್ಟೆ. ನಾಗಸೇನ ಬರುವ ಹಿಂದಿನ ದಿನ ಕಿರಾಣಿ ಅಂಗಡಿಯಿಂದ ಕಡಲೆಹಿಟ್ಟು, ಎಣ್ಣೆಯ ಜೊತೆ ಒಂದು ಪಾಕೀಟು ಪೇಪರ್ ಕಪ್ಪು ತಂದೆ. ಹಬ್ಬಕ್ಕೆ ಮಂದಿ ಬರುತ್ತಾರಲ್ಲ, ಬೇಕಾಗುತ್ತವೆ ಎಂದು ಗಂಡನಿಗೆ ಹೇಳಿದೆ. ನನಗೂ ಅದನ್ನೇ ಹೇಳಿಕೊಂಡೆ.

ನಾಗಸೇನ ಮೊದಲ ಬಸ್ಸಿಗೇ ಬಂದರು. ಬಂದವರೇ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದರು.

"ಅಕ್ಕೋರೆ, ಈ ಮೂಲ್ಯಾಗ ಹಸಿ ಅದರಿ. ಹಂಗೇ ಬಣ್ಣ ಬಳದ್ರ ಆರು ತಿಂಗಳಿಗಿ ಉದರ್ತದ. ಪೂರಾ ಕೆರದು ಪುಟ್ಟಿ ಹಾಕ್ತೇನಿ. ಒಂದು ದಿನ ಹೆಚ್ಚು ಆಗ್ತದ, ನಡೀತದಲ್ರಿ?"

"ನಡೀತದ ಅಣ್ಣಾ."

ನನಗೆ ದಸರೆಯ ರಜೆ, ಗಂಡನೂ ಸಾಮಾನು ಸರಿಸಲೆಂದು ರಜೆ ಹಾಕಿದ್ದರು. ಹತ್ತು ಗಂಟೆಗೆ ಚಹಾ ಮಾಡಿದೆ. ಅತ್ತೆಗೆ, ಗಂಡನಿಗೆ, ನನಗೆ ಮೂರು ಸ್ಟೀಲಿನ ಗ್ಲಾಸು. ಒಂದು ಪೇಪರ್ ಕಪ್ಪು. ಕೈ ತಾನಾಗಿಯೇ ಮಾಡಿಬಿಟ್ಟಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಪಾಕೀಟು ಹರಿದು, ಒಂದನ್ನು ಬಿಡಿಸಿ, ಅದರಲ್ಲಿ ಚಹಾ ಸೋಸಿದವಳು ನಾನೇ. ನಮ್ಮ ಶಾಲೆಯಲ್ಲಿ ಸಮಾನತೆಯ ಪಾಠವನ್ನು ನನ್ನಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲ ಎಂದು ಹೆಸರಿದೆ. ಆ ಹೆಸರನ್ನು ನೆನೆದರೆ ಈಗ ಮೈಯೆಲ್ಲ ಹಿಡಿಯಾಗುತ್ತದೆ.

ನಾಗಸೇನ ಕಪ್ಪನ್ನು ನೋಡಿದರು. ಆಮೇಲೆ ನಮ್ಮ ಮೂವರ ಕೈಯಲ್ಲಿದ್ದ ಗ್ಲಾಸುಗಳನ್ನು ನೋಡಿದರು.

"ಇದೇ ಛಲೋರಿ" ಎಂದರು. "ತೊಳಿಯೂ ತ್ರಾಸ ಇಲ್ಲ."

ನನ್ನ ಮಾನ ಉಳಿಸಲು ಅವರು ಆಡಿದ ಮಾತದು. ನಾನು ಅದನ್ನು ಖುಷಿಯಿಂದ ತೆಗೆದುಕೊಂಡೆ, ಬಚಾವಾದೆ ಅಂದುಕೊಂಡೆ. ನಾಲ್ಕು ದಿನ, ದಿನಕ್ಕೆರಡು ಸಲ ಹೀಗೇ ನಡೆಯಿತು. ಕುಡಿದ ಕಪ್ಪನ್ನು ಅವರು ನಮ್ಮ ಕಸದ ಬುಟ್ಟಿಗೂ ಹಾಕುತ್ತಿರಲಿಲ್ಲ. ಮಡಚಿ ಪುಟ್ಟಿಯ ಖಾಲಿ ಚೀಲದಲ್ಲಿ ತುರುಕಿ, ಸಂಜೆ ಹೊರಗೆ ಒಯ್ಯುತ್ತಿದ್ದರು. ಅತ್ತೆ ಎಲ್ಲವನ್ನೂ ನೋಡುತ್ತಿದ್ದರು, ಮಾತಾಡಲಿಲ್ಲ. ನೋಡು, ನಾನು ಅಂದುಕೊಂಡದ್ದೇ ಸರಿ, ಗ್ಲಾಸಿನಲ್ಲಿ ಕೊಟ್ಟಿದ್ದರೆ ದೊಡ್ಡ ರಂಪ ಆಗುತ್ತಿತ್ತು ಎಂದು ಸಮಾಧಾನ ಮಾಡಿಕೊಂಡೆ.

ನಾಲ್ಕನೆಯ ದಿನ ಗೋಡೆ ಮುಗಿಯಿತು. ತಿಳಿ ಹಳದಿ ಬಣ್ಣ, ಕನ್ನಡಿಯಷ್ಟು ನುಣುಪು. ಚಹಾ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೊದಲು ಗೋಡೆಯ ಫೋಟೋ ತೆಗೆದು ಮಹಾಮಾಯಾಗೆ ಕಳಿಸಿದೆ. ನಿನ್ನ ಗಂಡನ ಕೈಯಲ್ಲಿ ಜಾದೂ ಇದೆ ಎಂದು ಬರೆದೆ. ಅವಳು ನೋಡಿದ ಗುರುತು ಬಿತ್ತು, ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಪರೀಕ್ಷೆಯ ಪೇಪರು ತಿದ್ದುತ್ತಿರಬೇಕು ಅಂದುಕೊಂಡೆ.

ಹಬ್ಬಕ್ಕೆ ಮೂರು ದಿನ ಇರುವಾಗ ಚಕ್ಕುಲಿ, ಶಂಕರಪಾಳಿ ಡಬ್ಬಿಗೆ ತುಂಬಿಕೊಂಡು ನಾನೇ ಭಾಲ್ಕಿಗೆ ಹೊರಟೆ. ಬರುತ್ತೇನೆಂದು ನಾಗಸೇನರಿಗೆ ಹೇಳಿದ್ದೆ. ಅವರ ತಾಯಿ ಅನುಸೂಯಾಬಾಯಿ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದೊಯ್ದರು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋಗಳು, ದಸರೆಯ ದಿನ ಧಮ್ಮದೀಕ್ಷೆಯ ನೆನಪಿಗೆ ಹಾಕಿದ ಹಾರ ಇನ್ನೂ ಹಾಗೇ ಇತ್ತು. ಮಹಾಮಾಯಾ "ಬಾ, ಕೂಡು" ಎಂದಳು. ಅಷ್ಟೇ ಅಂದಳು.

ಸ್ವಲ್ಪ ಹೊತ್ತಿಗೆ ಅನುಸೂಯಾಬಾಯಿ ತಾವೇ ಚಹಾ ತಂದರು. ತಟ್ಟೆಯಲ್ಲಿ ಮೂರು ಸ್ಟೀಲಿನ ಗ್ಲಾಸು, ಒಂದು ಪೇಪರ್ ಕಪ್ಪು. ಕಪ್ಪನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ತಗೋರಿ ತಾಯಿ. ನಮ್ಮ ನಾಗಸೇನ ಹೇಳ್ಯಾನ, ನಿಮ್ಮ ಮನ್ಯಾಗ ಎಲ್ಲಾರೂ ಇದರಾಗೇ ಕುಡೀತಾರ ಅಂತ. ನೀವು ಬರ್ತೀರಿ ಅಂದ ಕೂಡ್ಲೇ ನಾನೇ ಅಂಗಡಿಗಿ ಹೋಗಿ ತಂದೀನಿ. ನಮಗಂತೂ ಇದರಾಗ ರುಚಿ ಹತ್ತಂಗಿಲ್ಲ ಬಿಡ್ರಿ, ಹಳೀ ಮಂದಿ" ಎಂದು ನಕ್ಕರು.

ಆ ನಗುವಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಪುಟ್ಟಿಯ ಚೀಲದಲ್ಲಿ ಮಡಚಿದ ಕಪ್ಪು ಕಂಡು ತಾಯಿ ಕೇಳಿರಬೇಕು, ಅವರ ಮನಸ್ಸು ನೋಯಬಾರದೆಂದು ಮಗ ಸುಳ್ಳು ಹೇಳಿದ್ದರು. ತಾಯಿ ಅದನ್ನು ನಂಬಿ, ನನ್ನ ಉಪಚಾರಕ್ಕೆಂದು ಬಿಸಿಲಲ್ಲಿ ನಡೆದು ಹೋಗಿ ಕಪ್ಪು ತಂದಿದ್ದರು. ನಾಗಸೇನ ನೆಲ ನೋಡುತ್ತ ಕೂತರು. ಮಹಾಮಾಯಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಇಲ್ಲ ಆಯಿ, ನಾವು ಗ್ಲಾಸಿನಲ್ಲೇ ಕುಡಿಯುತ್ತೇವೆ, ಕಪ್ಪು ನಿಮ್ಮ ಮಗನಿಗೆ ಮಾತ್ರ ಕೊಟ್ಟೆ, ತಪ್ಪಾಯಿತು. ಇಷ್ಟು ಹೇಳಬೇಕಿತ್ತು.

"ಹೌದ್ರಿ ಆಯಿ" ಎಂದೆ. "ನಮ್ಮಲ್ಲಿ ಎಲ್ಲಾರೂ ಇದರಾಗೇ ಕುಡೀತೇವಿ."

ಅನುಸೂಯಾಬಾಯಿ ಸಮಾಧಾನದಿಂದ ನನ್ನ ಡಬ್ಬಿ ತೆಗೆದುಕೊಂಡು ಒಳಗೆ ಹೋದರು. ನಾಗಸೇನ ಎದ್ದು ಅಂಗಳಕ್ಕೆ ಹೋದರು. ಮಹಾಮಾಯಾ ಫೋನು ತೆಗೆದು ನಾನು ಕಳಿಸಿದ ಫೋಟೋ ನನ್ನ ಮುಂದೆ ಹಿಡಿದಳು. ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದಳು. ಹಳದಿ ಗೋಡೆ ಪಕ್ಕಕ್ಕೆ ಸರಿದು ಕಿಟಕಿಯ ಕಟ್ಟೆ ಬಂತು. ಕಟ್ಟೆಯ ಮೇಲೆ ಮೂರು ಸ್ಟೀಲಿನ ಗ್ಲಾಸು ಒಟ್ಟಿಗೆ ಇದ್ದವು. ಗೇಣು ದೂರದಲ್ಲಿ ಒಂದು ಪೇಪರ್ ಕಪ್ಪು.

"ಅವರು ನನಗ ಏನೂ ಹೇಳಿಲ್ಲ" ಎಂದಳು. "ಫೋಟೋದಾಗ ನಾನೇ ನೋಡಿದೆ. ನೀ ಇವತ್ತರ ಖರೆ ಹೇಳ್ತಿ ಅನ್ಕೊಂಡಿದ್ದೆ ಮಲ್ಲಿ."

"ಮಾಯಾ, ಅದು ನಮ್ಮ ಅತ್ತಿ ಬಂದಾರಲ್ಲ..."

"ಚಹಾ ಆರ್ಲತ್ತದ, ಕುಡಿ. ಆಯಿಗಿ ಮಾತ್ರ ಗೊತ್ತಾಗೂದು ಬ್ಯಾಡ. ನಿನ್ನ ಸಲುವಾಗಿ ಭಾಳ ಹೌಸಿಲಿಂದ, ಪ್ರೀತಿಲಿಂದ ತಂದಾಳ."

ಕುಡಿದೆ. ಬೇರೆ ಏನು ಮಾಡಲೂ ನನಗೆ ಧೈರ್ಯವಿರಲಿಲ್ಲ.

ಹೊರಡುವಾಗ ಅನುಸೂಯಾಬಾಯಿ ನನ್ನ ಡಬ್ಬಿಗೆ ಶೇಂಗಾ ಹೋಳಿಗೆ ತುಂಬಿ ಕೊಟ್ಟರು. ಅದರ ಮೇಲೆ ಕಪ್ಪಿನ ಪಾಕೀಟನ್ನೂ ಇಟ್ಟರು. "ನಮಗ್ಯಾಕರಿ ಇವು? ನಿಮಗ ಹಬ್ಬಕ್ಕ ಬೇಕಾಗ್ತಾವ, ಒಯ್ಯಿರಿ" ಎಂದರು. ಬೇಡ ಎನ್ನುವುದಕ್ಕೆ ನನಗೆ ಯಾವ ಕಾರಣವೂ ಹೊಳೆಯಲಿಲ್ಲ.

ಬಸ್ಸಿನಲ್ಲಿ ಪಾಕೀಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನಾಚಿಕೆ ಕೊಂಚ ಕೊಂಚವೇ ಸಿಟ್ಟಾಗತೊಡಗಿತು. ಅತ್ತೆ ಬರದಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ಅದರ ಹಿಂದಿನ ವರ್ಷದವರೆಗೆ ಎಲ್ಲ ಸರಿ ಇತ್ತಲ್ಲ? ಬೀದರ ಬರುವ ಹೊತ್ತಿಗೆ ತಪ್ಪೆಲ್ಲ ಅತ್ತೆಯದೇ ಆಗಿತ್ತು.

ಅತ್ತೆ ಪಡಸಾಲೆಯಲ್ಲಿ ಕೂತು ಹಬ್ಬದ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಪಾಕೀಟನ್ನು ಅವರ ಮುಂದೆ ಒಗೆದು, ನಡೆದದ್ದನ್ನೆಲ್ಲ ಹೇಳಿದೆ. "ಎಲ್ಲಾ ನಿಮ್ಮ ಸಲುವಾಗಿ ಆತು ನೋಡ್ರಿ ಅತ್ತಿ" ಎಂದೆ.

ಅತ್ತೆ ಕೈಯಲ್ಲಿದ್ದ ಬತ್ತಿ ಪೂರ್ತಿ ಮಾಡಿ ಕೆಳಗಿಟ್ಟರು.

"ನಾ ಏನರ ಅಂದಿದ್ದೆನಾ?"

"ಅಂದಿಲ್ಲ. ಆದ್ರ ನೀವು..."

"ಹಳ್ಳ್ಯಾಗ ನಾವು ಮಾಡೀವಿ. ಅವರ ಬೊಗಸ್ಯಾಗ ಮ್ಯಾಲಿಂದ ನೀರು ಹಾಕೀವಿ. ಇಲ್ಲ ಅಂದ್ರ ನನ್ನ ಬಾಯಾಗ ಹುಳ ಬೀಳ್ತಾವ. ಆದ್ರ ಇಲ್ಲಿಗಿ ಬರೂಮುಂದ ಅನ್ಕೊಂಡಿದ್ದೆ, ಸೊಸಿ ಕಲತಾಕಿ ಅದಾಳ, ಸಾಲ್ಯಾಗ ಅಕ್ಕೋರು ಅದಾಳ, ಆಕಿ ಮನ್ಯಾಗ ಆಕಿ ಹ್ಯಾಂಗ ಮಾಡ್ತಾಳ ಹಾಂಗ ನಾನೂ ನಡೀಬೇಕು ಅಂತ. ಮೊದಲನೇ ದಿನ ನಿನ್ನ ಕೈಯಾಗ ಆ ಕಪ್ಪು ನೋಡಿದೆ. ಇಲ್ಲೂ ಹಾಂಗೇ ಅದ ಅಂತ ಸುಮ್ಮ ಕುಂತೆ."

ಅಷ್ಟು ಹೇಳಿ ಇನ್ನೊಂದು ಬತ್ತಿ ಕೈಗೆತ್ತಿಕೊಂಡರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಹಬ್ಬಕ್ಕೆ ಬಂದವರೆಲ್ಲ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಎಲ್ಲರಿಗೂ ಗ್ಲಾಸಿನಲ್ಲೇ ಚಹಾ ಕೊಟ್ಟೆ. ಮಹಾಮಾಯಾಳ ಪಾಲಿನ ಚಕ್ಕುಲಿಯನ್ನು ಸಂಜೆಯವರೆಗೆ ಎತ್ತಿಟ್ಟಿದ್ದೆ. ಅವಳು ಬರಲಿಲ್ಲ.

ಈಗ ಮತ್ತೆ ದೀಪಾವಳಿಗೆ ಹದಿನೈದು ದಿನ ಇದೆ. ಗೋಡೆ ಎಲ್ಲಿಯೂ ಉದುರಿಲ್ಲ, ಹಸಿ ಇದ್ದ ಮೂಲೆ ಕೂಡ ಗಟ್ಟಿಯಾಗಿದೆ. ಭಾಲ್ಕಿಗೆ ಫೋನು ಮಾಡಲು ನನಗೆ ಬಣ್ಣದ ನೆಪವೂ ಇಲ್ಲ. ನಿನ್ನೆ ಅಟ್ಟ ಸ್ವಚ್ಛ ಮಾಡುವಾಗ ಅನುಸೂಯಾಬಾಯಿ ಕೊಟ್ಟ ಪಾಕೀಟು ಸಿಕ್ಕಿತು. ಅದರಲ್ಲಿ ಒಂದೇ ಕಪ್ಪು ಕಡಿಮೆ, ನಾನು ಕುಡಿದದ್ದು. ಧೂಳು ಒರೆಸಿ ಮತ್ತೆ ಅಲ್ಲೇ ಇಟ್ಟೆ.